ಹೊಳೆಯಾಚೆಯ ಸೊಸೆ

ಆ ಊರಿನ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಎಲ್ಲವೂ ಇತ್ತು, ಹೆರುವವರು ಮಾತ್ರ ಇರಲಿಲ್ಲ. ಬಾಗಿಲ ಬಳಿಯ ಮಂಚದ ಮೇಲೆ ಡಾಕ್ಟರು ಊಟವಾದ ಮೇಲೆ ಒಂದು ಸಣ್ಣ ನಿದ್ದೆ ತೆಗೆಯುತ್ತಿದ್ದರು. ಕಿಟಕಿ ಪಕ್ಕದ ಮಂಚದಲ್ಲಿ ಮಂಡಿನೋವಿನ ಮುದುಕನೊಬ್ಬ ಮಲಗಿರುತ್ತಿದ್ದ. ಗಂಡಸರ ವಾರ್ಡಿನಲ್ಲಿ ಗಾಳಿ ಬರುವುದಿಲ್ಲ ಎಂದು ಜಗಳ ಕಾಯ್ದು ಇಲ್ಲಿಗೆ ಬಂದವನು ಅವನು. ಎದೆಹಾಲಿನ ಮಹಿಮೆ ಕುರಿತ ಗೋಡೆಬರಹವನ್ನು ದಿನಾ ಗಟ್ಟಿಯಾಗಿ ಓದುತ್ತಿದ್ದ. ಮಗು ತೂಗುವ ತಕ್ಕಡಿಯಲ್ಲಿ ಆಯಾ ಈರುಳ್ಳಿ ತೂಗುತ್ತಿದ್ದದ್ದನ್ನು ದೊಡ್ಡ ಸಿಸ್ಟರು ಒಂದು ದಿನ ಕಣ್ಣಾರೆ ಕಂಡು, ಆಸ್ಪತ್ರೆ ಹಾರಿಹೋಗುವಂತೆ ಕೂಗಾಡಿ, ಆಮೇಲೆ ತಾನೂ ಎರಡು ಕಿಲೋ ತೂಗಿಸಿಕೊಂಡು ಮನೆಗೆ ಹೋಗಿದ್ದಳು.

ದೊಡ್ಡ ಸಿಸ್ಟರು ಅಂದರೆ ಆ ವಾರ್ಡಿನ ಮುಖ್ಯ ನರ್ಸು. ವಯಸ್ಸಿನಲ್ಲಿ ದೊಡ್ಡವಳು, ಗಾತ್ರದಲ್ಲಿ ದೊಡ್ಡವಳು, ಬಾಯಿಯ ವಿಷಯ ಕೇಳುವುದೇ ಬೇಡ. ಊರಿನ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದವರು. ಈಗ ಆ ಅರ್ಧ ಜನ ಬೆಳೆದು, ಮದುವೆಯಾಗಿ, ಬೆಕ್ಕು ಸಾಕಿಕೊಂಡು ಆರಾಮಾಗಿದ್ದರು. ರಸ್ತೆಯಲ್ಲಿ ಸಿಕ್ಕವರನ್ನು ಅವಳು ಅಡ್ಡಗಟ್ಟುತ್ತಿದ್ದಳು.

"ನಿನ್ನ ಕುಂಡೆಗೆ ಮೊದಲನೇ ಏಟು ಹಾಕಿದ್ದು ನಾನು ಕಣೋ. ಆ ಋಣಕ್ಕಾದರೂ ಒಂದು ಮಗು ಮಾಡ್ಕೊಳ್ಳೋ!"

"ಸಿಸ್ಟರ್, ಬಾಡಿಗೆ ಕಟ್ಟಿ ಬೆಕ್ಕಿಗೆ ಊಟ ಹಾಕೋ ಅಷ್ಟರಲ್ಲಿ ತಿಂಗಳು ಮುಗಿಯುತ್ತೆ" ಎಂದು ಅವರು ಜಾರಿಕೊಳ್ಳುತ್ತಿದ್ದರು.

ದೇಶ ಒಂದೇ, ನಡುವೆ ಒಂದು ಹೊಳೆ. ಹೊಳೆಯಾಚೆ ಮನೆಗೆ ಆರೋ ಏಳೋ ಮಕ್ಕಳು. ಹೊಳೆಯೀಚೆ ಮನೆಗೆ ಒಂದು, ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. ಯಾಕೆ ಹೀಗೆ ಎಂದರೆ ಓದಿದವರು ಹೆಣ್ಣುಮಕ್ಕಳ ಶಾಲೆ, ಮದುವೆ ವಯಸ್ಸು, ಸಂಬಳ ಎಂದು ಏನೇನೋ ಹೇಳುತ್ತಿದ್ದರು. ಆಚೆ ಕಡೆ ಕರೆಂಟು ಜಾಸ್ತಿ ಹೋಗುತ್ತೆ ಎಂದು ಆಯಾ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಸರ್ಕಾರಕ್ಕೆ ಎರಡೂ ದಡ ತಲೆನೋವು. ಆಚೆಯ ಆಸ್ಪತ್ರೆಗಳ ಗೋಡೆಗೆ ಅದು ಒಂದು ಪೋಸ್ಟರ್ ಅಂಟಿಸಿತ್ತು: ನಗುವ ಗಂಡ, ನಗುವ ಹೆಂಡತಿ, ಎರಡು ಮಕ್ಕಳು, ಕೆಳಗೆ 'ಇಷ್ಟು ಸಾಕು'. ಈಚೆಯ ಪೋಸ್ಟರಿನಲ್ಲಿ ಅದೇ ಗಂಡ, ಅದೇ ಹೆಂಡತಿ, ಅದೇ ನಗು, ಆದರೆ ಮಕ್ಕಳು ನಾಲ್ಕು, ಕೆಳಗೆ 'ಇನ್ನೊಂದು ಬರಲಿ'. ಹೊಳೆ ದಾಟುವಷ್ಟರಲ್ಲಿ ಆ ಪುಣ್ಯಾತ್ಗಿತ್ತಿ ಇನ್ನೆರಡು ಹೆತ್ತಿದ್ದಳು, ಮುಖದ ಪೌಡರೂ ಅಳಿಸಿರಲಿಲ್ಲ.

ದೊಡ್ಡ ಸಿಸ್ಟರಿಗೆ ದೇಶದ ಚಿಂತೆ ಅಷ್ಟಕ್ಕಷ್ಟೆ. ಅವಳಿಗೆ ಬೇಕಾಗಿದ್ದದ್ದು ತನ್ನ ಮನೆಯಲ್ಲಿ ಒಂದು ಮಗು. ಕೆಲಸಕ್ಕೆ ಸೇರಿದಾಗಿನಿಂದ ಹುಟ್ಟಿದ್ದನ್ನೆಲ್ಲಾ ಒರೆಸಿ, ಸುತ್ತಿ, ಬೇರೆಯವರ ಕೈಗೆ ಕೊಟ್ಟವಳು ಅವಳು. ಒಂದನ್ನಾದರೂ ಕೊಡದೆ ಇಟ್ಟುಕೊಳ್ಳಬೇಕು ಎಂಬ ಆಸೆ. ಇದ್ದ ಒಬ್ಬ ಮಗ ಬೆಳೆದದ್ದು ಅವಳ ನೈಟ್ ಡ್ಯೂಟಿಗಳ ಸಂದಿಯಲ್ಲಿ. ಗಂಡ ಬೇಗ ತೀರಿಕೊಂಡಿದ್ದ. ಮಗ ಅಂಬೆಗಾಲಿಟ್ಟದ್ದನ್ನು, ಮೊದಲ ಹೆಜ್ಜೆ ಇಟ್ಟದ್ದನ್ನು ಅವಳು ಪಕ್ಕದ ಮನೆಯವರ ಬಾಯಿಂದ ಕೇಳಿ ತಿಳಿದುಕೊಂಡವಳು. ಈ ಸಲ ಹಾಗಾಗಬಾರದು, ಮೊಮ್ಮಗುವಿನ ಮೊದಲ ಹೆಜ್ಜೆಯನ್ನು ಎದುರು ಕೂತೇ ನೋಡಬೇಕು ಎಂದು ಹಟ ಹಿಡಿದಿದ್ದಳು.

ಒಂದು ಸಲ ಲಸಿಕೆ ಹಾಕಲು ಕೈ ಸಾಲದೆ ಆಚೆಯವರು ಈಚೆಯ ನರ್ಸುಗಳನ್ನು ಕರೆಸಿಕೊಂಡರು. ದೊಡ್ಡ ಸಿಸ್ಟರು ಉಳಿದುಕೊಂಡದ್ದು ಸೈಕಲ್ ರಿಪೇರಿಯವನೊಬ್ಬನ ಮನೆಯಲ್ಲಿ. ಆ ಮನೆಯೊಳಗೆ ಕಾಲಿಡುವ ಮೊದಲು ನೆಲ ನೋಡಬೇಕಿತ್ತು, ಎಲ್ಲಿ ಯಾವ ಮಗುವನ್ನು ತುಳಿಯುತ್ತೇವೋ ಎಂದು. ಒಟ್ಟು ಆರು. ಎಲ್ಲರಿಗಿಂತ ದೊಡ್ಡವಳು ಮದುವೆಗೆ ಬಂದ ಹುಡುಗಿ. ಒಂದನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದರ ಮೂಗು ಒರೆಸುತ್ತಾ, ಮತ್ತೊಂದಕ್ಕೆ ಮಗ್ಗಿ ಹೇಳಿಕೊಡುತ್ತಾ, ಆ ಗಲಾಟೆಯಲ್ಲೇ ಅತಿಥಿಗೆ ಟೀ ತಂದಿಟ್ಟಳು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಆದರೆ ದೊಡ್ಡ ಸಿಸ್ಟರು ಮರುಳಾದದ್ದು ಟೀಗಲ್ಲ, ಸೊಂಟಕ್ಕೆ. ಸಂಜೆ ಮಕ್ಕಳೆಲ್ಲ ಮಲಗಿದ ಮೇಲೆ ಹುಡುಗಿ ಬಾಗಿಲಲ್ಲಿ ನಿಂತು ಗಾಳಿ ತೆಗೆದುಕೊಳ್ಳುತ್ತಿದ್ದಳು. ಕಂಕುಳಲ್ಲಿ ಯಾವ ಮಗುವೂ ಇರಲಿಲ್ಲ. ಆದರೂ ಸೊಂಟ ಎಡಕ್ಕೆ ವಾರೆಯಾಗಿಯೇ ಇತ್ತು. ಇಲ್ಲದ ಮಗುವಿಗೆ ಜಾಗ ಮಾಡಿಕೊಟ್ಟು ನಿಂತಂತೆ.

"ಮಗು ಒಗ್ಗಿದ ಸೊಂಟ ಕಣೇ ಅದು" ಎಂದು ಊರಿಗೆ ಬಂದವಳೇ ಆಯಾಳಿಗೆ ಹೇಳಿದಳು. "ಇಷ್ಟು ವರ್ಷ ನೋಡಿದ್ದೆಲ್ಲಾ ಸೊಂಟಾನೇ. ಸುಳ್ಳು ಹೇಳೋ ಬಾಯಿ ನೋಡಿದ್ದೀನಿ, ಸುಳ್ಳು ಹೇಳೋ ಸೊಂಟ ನೋಡಿಲ್ಲ."

ಮಗ ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿರುವುದೇ ಅವನ ಕಸುಬು. ಮನೆಯಲ್ಲೂ ಮುಂದೆ ಅದೇ ಗತಿ ಎಂದು ಆಗ ಅವನಿಗೆ ಹೊಳೆದಿರಲಿಲ್ಲ. ಅಮ್ಮನ ಕಾಟಕ್ಕೆ ಹೊಳೆ ದಾಟಿ ಹೋಗಿ ಹುಡುಗಿಯ ಜೊತೆ ಮಾತಾಡಿದ. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮನೇಲಿ ಎಷ್ಟು ಜನ?"

"ನಾನು, ಅಮ್ಮ."

"ಮತ್ತೆ?"

"ಅಷ್ಟೇ."

ಒಂದು ಮನೆಯಲ್ಲಿ ಇಬ್ಬರೇ ಇರಲು ಸಾಧ್ಯ ಎಂಬುದನ್ನು ಅವಳು ಅಲ್ಲಿಯವರೆಗೆ ನಂಬಿರಲಿಲ್ಲ. ಕೂತಲ್ಲೇ ಒಪ್ಪಿಕೊಂಡಳು. ನೋಡಿ, ಎರಡು ಕಡೆಯವರೂ ಎದುರಿನವರ ತಲೆ ಎಣಿಸಿಯೇ ಈ ಸಂಬಂಧ ಮಾಡಿದ್ದು. ಅತ್ತೆ ಎಣಿಸಿದ್ದು ಎಷ್ಟಿದ್ದಾರೆ ಎಂದು, ಸೊಸೆ ಎಣಿಸಿದ್ದು ಎಷ್ಟಿಲ್ಲ ಎಂದು.

ಹೊಸ ಸೊಸೆ ಮೊದಲು ಮಾಡಿದ ಕೆಲಸ ನಿದ್ದೆ. ಬಾಗಿಲು ಹಾಕಿಕೊಂಡು, ಕಾಲು ಚಾಚಿ, ಹೊತ್ತು ನೆತ್ತಿಗೇರುವವರೆಗೆ ಮಲಗಿದಳು. ಆಮೇಲೆ ಬಚ್ಚಲು ಹೊಕ್ಕರೆ ಹೊರಗೆ ಬರುತ್ತಿರಲಿಲ್ಲ. ಏನಾಯಿತೋ ಎಂದು ಅತ್ತೆ ಬಾಗಿಲು ತಟ್ಟಿದರೆ, "ಏನಿಲ್ಲ ಅತ್ತೆ, ಯಾರೂ ಬಾಗಿಲು ತಟ್ಟೋದಿಲ್ವಲ್ಲ ಅಂತ ಖುಷಿಗೆ ಕೂತಿದ್ದೆ" ಎಂಬ ಉತ್ತರ ಬಂತು. ನಿದ್ದೆಯೆಲ್ಲ ತೀರಿದ ಮೇಲೆ ಪೇಟೆಯ ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಬಚ್ಚಲಿಗೆ ಯಾವುದು, ಅಡುಗೆಮನೆಗೆ ಯಾವುದು, ಕಾಲು ಜಾರದಿರುವುದು ಯಾವುದು ಎಂದು ಗಿರಾಕಿಗಳಿಗೆ ತೋರಿಸುವ ಕೆಲಸ. ಅದೇನು ಅಷ್ಟು ಇಷ್ಟ ನಿನಗೆ ಎಂದು ಗಂಡ ಕೇಳಿದರೆ, "ಟೈಲ್ಸು ಅಳಲ್ಲ, ಉಚ್ಚೆ ಹೊಯ್ಯಲ್ಲ, ಇಟ್ಟಲ್ಲಿ ಇರುತ್ತೆ" ಎಂದಳು.

ವರ್ಷ ಕಳೆಯಿತು. ಪಕ್ಕದ ಮನೆಯವರು, ಡಾಕ್ಟರು, ಮಂಡಿನೋವಿನ ಮುದುಕ, ಎಲ್ಲರೂ ದೊಡ್ಡ ಸಿಸ್ಟರನ್ನು ಕಂಡಾಗಲೆಲ್ಲ "ಏನಾದ್ರೂ ವಿಶೇಷ?" ಎಂದು ಹುಬ್ಬು ಹಾರಿಸತೊಡಗಿದರು. ಹೊಳೆಯಾಚೆಯಿಂದ ತಂದ ಸೊಸೆ ಎಂದು ಊರಿಡೀ ಡಂಗುರ ಹೊಡೆದವಳು ತಾನೇ. ಈಗ ಯಾರಿಗೆ ಮುಖ ತೋರಿಸುವುದು! ಒಂದು ಭಾನುವಾರ ತಡೆಯಲಾರದೆ, ಒಣಗಿದ ಬಟ್ಟೆ ಮಡಚುತ್ತಿದ್ದ ಸೊಸೆಯ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ನೋಡಮ್ಮ, ನಾನು ನರ್ಸು, ನಾಚಿಕೆ ಪಾಚಿಕೆ ಇಲ್ಲ. ತೊಂದರೆ ಏನಾದರೂ ಇದ್ದರೆ ಹೇಳು. ನಿಂದಾ, ಅವನದಾ?"

ಮಗ ಮೆಲ್ಲಗೆ ಎದ್ದು ಲಿಫ್ಟ್ ನೋಡಿ ಬರುತ್ತೇನೆ ಎಂದು ಕಾಲು ಕಿತ್ತ. ಭಾನುವಾರ ಯಾವ ಲಿಫ್ಟೂ ಕೆಟ್ಟಿರಲಿಲ್ಲ.

"ಯಾರದೂ ಅಲ್ಲ ಅತ್ತೆ" ಎಂದಳು ಸೊಸೆ, ಕೈಯಲ್ಲಿದ್ದ ಟವೆಲ್ಲು ಮಡಚುತ್ತಲೇ. "ನನಗೆ ಬೇಡ. ಅವರಿಗೆ ಮದುವೆಗೆ ಮುಂಚೆನೇ ಹೇಳಿದ್ದೆ."

"ಬೇಡ ಅಂದ್ರೆ? ಈಗ ಬೇಡವೋ, ಯಾವತ್ತೂ ಬೇಡವೋ?"

"ಐದು ಜನರನ್ನ ಬೆಳೆಸಿದ್ದೀನಲ್ಲ ಅತ್ತೆ. ನಾನು ಎರಡನೇ ಕ್ಲಾಸಲ್ಲಿ ಇದ್ದಾಗಿಂದ ಸೊಂಟ ಖಾಲಿ ಇರಲಿಲ್ಲ. ನೀವು ಇನ್ನೂ ಡ್ಯೂಟಿ ಮಾಡ್ತಾ ಇದ್ದೀರಿ, ನಾನು ಆಗಲೇ ರಿಟೈರ್ ಆಗಿದ್ದೀನಿ."

ದೊಡ್ಡ ಸಿಸ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ತಾನು ಆರಿಸಿ ಆರಿಸಿ, ಹೊಳೆ ದಾಟಿ ತಂದದ್ದು ಮಕ್ಕಳನ್ನು ಕಂಡರೆ ಮೂರು ಮಾರು ದೂರ ಓಡುವ ಹುಡುಗಿಯನ್ನು! ಈ ಊರಿನ ಯಾವ ಹುಡುಗಿಯನ್ನು ತಂದಿದ್ದರೂ ಆಸೆಗಾದರೂ ಒಂದು ಹೆರುತ್ತಿದ್ದಳು, ಯಾಕೆಂದರೆ ಇಲ್ಲಿಯವರಿಗೆ ಮಗು ಅಂದರೆ ಏನೆಂದೇ ಗೊತ್ತಿಲ್ಲ. ಆ ಯೋಚನೆ ಬಂದ ರಾತ್ರಿ ಅವಳು ಊಟ ಬಿಟ್ಟಳು. ಮರುದಿನ ಹಸಿವಾಯಿತು, ಎರಡು ಹೊತ್ತಿನದನ್ನು ಒಟ್ಟಿಗೆ ಉಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಅಂಗಡಿಗೆ ಹೊರಟಿದ್ದ ಸೊಸೆ ಬಾಗಿಲಲ್ಲಿ ನಿಂತು ಹಿಂದೆ ಮುಂದೆ ನೋಡಿ ಕೇಳಿದಳು:

"ಅತ್ತೆ, ನಿಮ್ಮ ವಾರ್ಡಲ್ಲಿ ಒಂದು ಬೆಡ್ ಸಿಗುತ್ತಾ?"

ಅಷ್ಟೇ ಸಾಕಾಯಿತು. ದೊಡ್ಡ ಸಿಸ್ಟರು ಮುಂದಿನ ಮಾತು ಕೇಳಲೇ ಇಲ್ಲ. ಸೊಸೆಯ ಗಲ್ಲ ಹಿಂಡಿ, "ಬೆಡ್ಡೇನೇ, ವಾರ್ಡೇ ನಿನ್ನದು!" ಎಂದು ಚಪ್ಪಲಿಯನ್ನೂ ಅದಲು ಬದಲು ಮೆಟ್ಟಿಕೊಂಡು ಆಸ್ಪತ್ರೆಗೆ ಓಡಿದಳು. ಆಯಾಳಿಗೆ ಹೇಳಿದಳು. ಆಯಾಳಿಗೆ ಹೇಳುವುದೂ ಒಂದೇ, ಮೈಕ್ ಹಿಡಿದು ಕೂಗುವುದೂ ಒಂದೇ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪೇಟೆ ಮುಟ್ಟಿತು. ಟೈಲ್ಸ್ ಅಂಗಡಿಯ ಮಾಲೀಕ ಸೊಸೆಯ ಕೈಯಿಂದ ಟೈಲ್ಸು ಕಸಿದುಕೊಂಡು, ಮೆತ್ತನೆಯ ಕುರ್ಚಿ ತರಿಸಿ, ಕೂತ್ಕೊಳ್ಳಮ್ಮ, ಭಾರ ಎತ್ತಬೇಡ ಎಂದ. ತಾನು ಬಸುರಿ ಎಂಬುದು ಅವಳಿಗೆ ಗೊತ್ತಾದದ್ದು ಹಾಗೆ.

ಸಂಜೆ ಮನೆಗೆ ಬಂದವಳ ಮುಖ ಕೆಂಪಗಿತ್ತು. "ಅತ್ತೆ, ಬೆಡ್ ಕೇಳಿದ್ದು ನನಗಲ್ಲ. ನಮ್ಮಮ್ಮನಿಗೆ."

"ನಿಮ್ಮಮ್ಮನಿಗೆ ಏನಾಗಿದೆ?"

"ಏನಾಗುತ್ತೆ? ಯಾವಾಗಲೂ ಆಗೋದೇ ಆಗಿದೆ."

ದೊಡ್ಡ ಸಿಸ್ಟರು ಮೊಮ್ಮಗುವಿಗೆಂದು ತಂದಿದ್ದ ಉಣ್ಣೆಯ ಟೋಪಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೀಗಿತ್ತಿಗೆ ಏಳನೆಯದು. ವಯಸ್ಸಾಗಿತ್ತು, ರಕ್ತದೊತ್ತಡ ಏರಿತ್ತು. ಅಲ್ಲಿಯ ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಇಬ್ಬರು, ಮಂಚದ ಕೆಳಗೆ ಒಬ್ಬಳು. ಕಳೆದ ಸಲ ಹೆರಿಗೆ ಆದದ್ದು ಕಾರಿಡಾರಿನಲ್ಲಿ. ಸೊಸೆ ಇದನ್ನೆಲ್ಲ ಟೈಲ್ಸಿನ ಅಳತೆ ಹೇಳುವಂತೆ ಹೇಳಿದಳು. ಕೊನೆಗೆ ಮಾತ್ರ ಅಳತೆ ತಪ್ಪಿತು. "ಈ ಸಲ ಭಯ ಆಗ್ತಿದೆ ಅತ್ತೆ."

"ಕರೆಸು" ಎಂದಳು ದೊಡ್ಡ ಸಿಸ್ಟರು. ನಿರಾಸೆ ಇನ್ನೂ ಇಳಿದಿರಲಿಲ್ಲ, ಆದರೆ ಕೈ ಆಗಲೇ ತುರಿಸತೊಡಗಿತ್ತು. ಎಷ್ಟೋ ತಿಂಗಳ ಮೇಲೆ ಒಂದು ಹೆರಿಗೆ!

ವಾರ್ಡಿಗೆ ಜೀವ ಬಂತು. ನೆಲ ತೊಳೆದರು, ಪರದೆ ಒಗೆದರು, ತಕ್ಕಡಿಯಿಂದ ಈರುಳ್ಳಿ ಸಿಪ್ಪೆ ಉದುರಿಸಿದರು. ಡಾಕ್ಟರು ಹಳೆಯ ಪುಸ್ತಕ ತೆಗೆದು ಕದ್ದುಮುಚ್ಚಿ ಓದುತ್ತಿದ್ದರು. ಮಂಡಿನೋವಿನ ಮುದುಕನನ್ನು ಗಂಡಸರ ವಾರ್ಡಿಗೆ ದಬ್ಬಲು ಮೂರು ಜನ ಬೇಕಾಯಿತು. ಬೀಗಿತ್ತಿ ಬಸ್ಸಿನಿಂದಿಳಿದಾಗ ಆಯಾ ಮೊದಲು ನೋಡಿದ್ದು ಅವಳ ಹೊಟ್ಟೆಯನ್ನು, ಆಮೇಲೆ ಸೊಸೆಯ ಹೊಟ್ಟೆಯನ್ನು. ಸಂಜೆಯೊಳಗೆ ಊರಿನವರು ತಿದ್ದುಪಡಿಯನ್ನೂ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೀಗಿತ್ತಿ ದೊಡ್ಡ ಸಿಸ್ಟರಿಗಿಂತ ತುಂಬಾ ಚಿಕ್ಕವಳು, ನೋಡಿದರೆ ಹಾಗೆ ಕಾಣುತ್ತಿರಲಿಲ್ಲ. ಖಾಲಿ ವಾರ್ಡನ್ನು ಕಂಡು ಬೆಕ್ಕಸ ಬೆರಗಾಗಿ, "ಅಕ್ಕ, ಈ ಮಂಚ ಪೂರ್ತಿ ನನಗೇನಾ?" ಎಂದು ಕೇಳಿದಳು. ಒಂದು ಬದಿಗೆ ಒತ್ತರಿಸಿಕೊಂಡೇ ಮಲಗಿದಳು, ಯಾರಾದರೂ ಬಂದರೆ ಜಾಗ ಇರಲಿ ಎಂದು.

ನೋವು ಶುರುವಾದದ್ದು ಒಂದು ಮಧ್ಯಾಹ್ನ. ಸೊಸೆ ಅಂಗಡಿಯಿಂದ ಓಡಿ ಬಂದವಳು ಹೆರಿಗೆ ಕೋಣೆಯ ಒಳಗೆ ಬರಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಳು. ಬಿಸಿನೀರಿಗೆಂದು ಹೊರಗೆ ಬಂದ ದೊಡ್ಡ ಸಿಸ್ಟರು, "ಬಾರೇ ಒಳಗೆ, ನಿಮ್ಮಮ್ಮ ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು ಅಂತಿದ್ದಾರೆ" ಎಂದಳು.

ಸೊಸೆ ತಲೆಯಾಡಿಸಿದಳು. "ನಾನು ಯಾವಾಗಲೂ ಬಾಗಿಲಲ್ಲೇ ನಿಂತಿರ್ತಿದ್ದೆ. ಹೊರಗೆ ಬರೋದು ಅಮ್ಮನೂ ಮಗುನೂ ಇಬ್ಬರೋ, ಬರೀ ಮಗುನೋ ಅಂತ. ಬರೀ ಮಗು ಬಂದ್ರೆ ಆಮೇಲೆ ಅಮ್ಮ ನಾನೇ ತಾನೇ? ಏಳು ವರ್ಷಕ್ಕೇ ಅದು ಗೊತ್ತಿತ್ತು."

ದೊಡ್ಡ ಸಿಸ್ಟರು ಪಾತ್ರೆ ಹಿಡಿದುಕೊಂಡೇ ಅವಳ ಮುಖ ನೋಡಿದಳು. ಎಷ್ಟೋ ಹೆರಿಗೆ ಮಾಡಿಸಿದವಳು, ಬಾಗಿಲ ಹೊರಗೆ ನಿಂತ ಮಕ್ಕಳ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅವಳಿಗೆ ಅದು ಈಗ ಗೊತ್ತಾಯಿತು. "ಇಬ್ಬರೂ ಬರ್ತಾರೆ. ನಾನಿದ್ದೀನಿ" ಎಂದು ಹೇಳಿ ಒಳಗೆ ಹೋದಳು. ಅಂದು ಅವಳು ಡಾಕ್ಟರಿಗೆ, ಆಯಾಳಿಗೆ, ಹುಟ್ಟಬೇಕಾದ ಮಗುವಿಗೆ, ಎಲ್ಲರಿಗೂ ಸೇರಿಸಿ ಬೈದು ಕೆಲಸ ಮಾಡಿಸಿದಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ತಾಯಿಯೂ ಚೆನ್ನಾಗಿದ್ದಳು.

ಮಾರನೆಯ ದಿನ ಆರೋಗ್ಯ ಇಲಾಖೆಯ ಅಧಿಕಾರಿ ಹೂಗುಚ್ಛ ಹಿಡಿದುಕೊಂಡು ಬಂದ. 'ಇನ್ನೊಂದು ಬರಲಿ' ಪೋಸ್ಟರಿನ ಕೆಳಗೆ ತಾಯಿ ಮಗುವನ್ನು ಕೂರಿಸಿ ಫೋಟೋ ತೆಗೆಸಿದ. "ನೋಡಿ, ನಮ್ಮ ಪ್ರಚಾರ ಫಲ ಕೊಟ್ಟಿದೆ! ಮೊದಲನೇ ಮಗುನಾ ಅಮ್ಮ?"

"ಏಳನೇದು ಸ್ವಾಮಿ. ನಾನು ಹೊಳೆಯಾಚೆಯವಳು" ಎಂದಳು ಬೀಗಿತ್ತಿ.

ಅಧಿಕಾರಿ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಊರಿಗೆ ಹೋದ ಮೇಲೆ ಅಲ್ಲಿಯವರಿಗೆ ಹೇಳ್ಬೇಡಿ. ಇಲ್ಲಿ ಚಪ್ಪಾಳೆ ತಟ್ಟೋರು ನಾವೇ, ಅಲ್ಲಿ ಬೈಯೋರೂ ನಾವೇ."

ದೊಡ್ಡ ಸಿಸ್ಟರಿಗೆ ಫೋಟೋ ಪಾಟೋ ಯಾವುದೂ ಬೇಕಿರಲಿಲ್ಲ. ಅವಳು ಮಗುವಿನ ಮಂಚ ಬಿಟ್ಟು ಕದಲುತ್ತಿರಲಿಲ್ಲ. ತಾನೇ ಸ್ನಾನ ಮಾಡಿಸುವಳು, ತಾನೇ ಒರೆಸುವಳು, ಡ್ಯೂಟಿ ಮುಗಿದರೂ ಮನೆಗೆ ಹೋಗಳು. ಮುಚ್ಚಿಟ್ಟಿದ್ದ ಉಣ್ಣೆಯ ಟೋಪಿ ತಂದು ಹಾಕಿದಳು, ಅಳತೆ ಸರಿಯಾಗಿತ್ತು. ಇದನ್ನೆಲ್ಲ ಮಲಗಿಕೊಂಡೇ ನೋಡುತ್ತಿದ್ದ ಬೀಗಿತ್ತಿ ಒಂದು ದಿನ ಮೆಲ್ಲಗೆ ಹೇಳಿದಳು:

"ಅಕ್ಕ, ಇದು ನಿಮ್ಮ ಹತ್ರಾನೇ ಇರಲಿ."

"ಏನು?"

"ಮಗು. ನಿಮಗೆ ಎಷ್ಟು ಆಸೆ ಅಂತ ಕಾಣಿಸ್ತಾ ಇದೆ. ನನಗೆ ಅಲ್ಲಿ ಇನ್ನೂ ಐದಿದ್ದಾವೆ, ಇದರ ಅಪ್ಪನಿಗೆ ಎಲ್ಲರ ಹೆಸರೂ ಒಂದೇ ಸಲಕ್ಕೆ ನೆನಪಾಗಲ್ಲ. ಇಲ್ಲಿದ್ರೆ ಹಾಲು ಕುಡಿದು, ಓದಿ, ಮನುಷ್ಯಳಾಗುತ್ತೆ. ಹೇಗೂ ಇದರ ಅಕ್ಕ ಇಲ್ಲೇ ಇದ್ದಾಳಲ್ಲ, ಅವಳಿಗೆ ಎಲ್ಲಾ ಬರುತ್ತೆ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು, ಮುಖ ಗೋಡೆಗೆ ತಿರುಗಿಸಿಕೊಂಡಳು.

ದೊಡ್ಡ ಸಿಸ್ಟರಿಗೆ ಬೇಡ ಎನ್ನಬೇಕು ಎಂದು ಗೊತ್ತಿತ್ತು, ಹೂಂ ಎನ್ನಲು ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ನೋಡೋಣ ಎಂದಷ್ಟೇ ಹೇಳಿ ಹೊರಗೆ ಬಂದಳು. ಆದರೆ ಆ ನೋಡೋಣ ಎಂಬುದು ಎಂಥ ನೋಡೋಣ ಎಂದು ಅವಳಿಗೇ ತಿಳಿದಿತ್ತು. ಅಂದೇ ಪೇಟೆಗೆ ಹೋಗಿ ಸೊಳ್ಳೆಪರದೆ ಇರುವ ತೊಟ್ಟಿಲು ನೋಡಿ ಬಂದಳು. ರಜೆ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿದಳು. ಮಗು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವುದನ್ನು ಮನಸ್ಸಿನಲ್ಲೇ ಹಲವು ಸಲ ನಡೆಸಿ ನೋಡಿದಳು. ಆಯಾಳಿಗೆ ಮಾತ್ರ ಹೇಳಲಿಲ್ಲ, ಅಷ್ಟು ಬುದ್ಧಿ ಈ ಸಲ ಇತ್ತು. ಮನೆಯಲ್ಲಿ ಮಗನಿಗೂ ಸೊಸೆಗೂ ಹೇಳಿದಳು. ಮಗ ಹೆಂಡತಿಯ ಮುಖ ನೋಡಿದ. ಸೊಸೆ "ಆಯ್ತು ಅತ್ತೆ" ಎಂದಳು, ಅಷ್ಟೇ. ಜಗಳವಿಲ್ಲ, ರಂಪವಿಲ್ಲ. ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ದೊಡ್ಡ ಸಿಸ್ಟರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ತಾಯಿ ಮಗುವನ್ನು ವಾರ್ಡಿನಿಂದ ಮನೆಗೆ ಕರೆತಂದರು. ಮರುದಿನ ಡ್ಯೂಟಿ ಮುಗಿಸಿ, ಬರುವ ದಾರಿಯಲ್ಲಿ ಗಿಲಕಿಯೊಂದನ್ನು ಕೊಂಡು, ದೊಡ್ಡ ಸಿಸ್ಟರು ಹಗುರಾಗಿ ಮನೆಗೆ ಬಂದಳು. ಸೊಸೆ ಅಷ್ಟು ಹೊತ್ತಿಗೇ ಮನೆಯಲ್ಲಿದ್ದಳು. ಬೀಗಿತ್ತಿ ಒಳಗೆ ನಿದ್ದೆ ಹೋಗಿದ್ದಳು. ಕಿಟಕಿಯ ಹತ್ತಿರ ಸೊಸೆ ಮಗುವನ್ನು ಎಡಗೈಯಲ್ಲಿ ಅವುಚಿಕೊಂಡು, ಬಲಗೈಯಲ್ಲಿ ಒಲೆಯ ಮೇಲಿನ ಹಾಲು ಕದಡುತ್ತಾ, ಕಾಲಿನಿಂದ ನೆಲದ ಮೇಲಿನ ಒದ್ದೆ ಬಟ್ಟೆಯನ್ನು ಸರಿಸುತ್ತಾ ನಿಂತಿದ್ದಳು. ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಸೊಂಟ ಎಡಕ್ಕೆ ವಾರೆಯಾಗಿತ್ತು.

"ಅಂಗಡಿಗೆ ಹೋಗ್ಲಿಲ್ವೇನೇ?"

"ಬಿಟ್ಟೆ ಅತ್ತೆ. ಬೆಳಿಗ್ಗೆ ಹೋಗಿ ಹೇಳಿ ಬಂದೆ."

"ಬಿಟ್ಟೆ? ಯಾಕೆ?"

ಸೊಸೆ ಆಶ್ಚರ್ಯದಿಂದ ನೋಡಿದಳು. ಕೋಪ ಇರಲಿಲ್ಲ, ಇದ್ದಿದ್ದರೆ ದೊಡ್ಡ ಸಿಸ್ಟರು ಎದುರಿಸುತ್ತಿದ್ದಳು, ಜಗಳದಲ್ಲಿ ಅವಳು ಸೋತವಳಲ್ಲ. "ಮತ್ಯಾರು ನೋಡ್ಕೋತಾರೆ? ನೀವು ಡ್ಯೂಟಿಗೆ ಹೋಗ್ತೀರಿ. ಅವರು ಲಿಫ್ಟು ಅಂತ ಹೋಗ್ತಾರೆ. ಮನೇಲಿ ಇರೋಳು ನಾನೇ ತಾನೇ."

ಗಿಲಕಿ ದೊಡ್ಡ ಸಿಸ್ಟರ ಕೈಯಲ್ಲಿ ಒಂದು ಸಲ ಗಿಲ್ ಎಂದು ಸುಮ್ಮನಾಯಿತು. ಹೊಳೆಯಾಚೆಯ ಆ ಮನೆಯ ಬಾಗಿಲು, ಆ ಸಂಜೆ, ಆ ಹುಡುಗಿ ಎಲ್ಲ ಕಣ್ಣ ಮುಂದೆ ಬಂತು. ಮಗು ಒಗ್ಗಿದ ಸೊಂಟ ಎಂದು ತಾನೇ ಅಲ್ಲವೇ ಹೆಮ್ಮೆಯಿಂದ ಹೇಳಿಕೊಂಡದ್ದು? ಅದು ಒಗ್ಗಿದ ಸೊಂಟವಲ್ಲ, ಬಗ್ಗಿದ ಸೊಂಟ. ಎರಡನೇ ಕ್ಲಾಸಿನ ಹುಡುಗಿಯ ಮೇಲೆ ಒಂದಾದ ಮೇಲೊಂದು ಹೇರಿ ಬಗ್ಗಿಸಿದ್ದು. ಯಾವ ನರ್ಸಾದರೂ ಮಾಡಬಾರದ ತಪ್ಪು, ರೋಗವನ್ನು ಆರೋಗ್ಯ ಎಂದುಕೊಂಡು ಮೆಚ್ಚಿದ್ದು. ಈಗ ಮೇಲಿನಿಂದ ಇದೊಂದನ್ನೂ ಹೇರಲು ಹೊರಟಿದ್ದೇನೆ ನಾನು, ಗಿಲಕಿ ಬೇರೆ ಕೇಡು ನನಗೆ, ಎಂದು ತನಗೆ ತಾನೇ ಬೈದುಕೊಂಡಳು.

"ಕೊಡಿಲ್ಲಿ" ಎಂದು ಮಗುವನ್ನು ಎತ್ತಿಕೊಂಡಳು. ಅದು ಟೋಪಿಯೊಳಗಿನಿಂದ ಒಂದು ಕಣ್ಣು ತೆರೆದು ನೋಡಿ, ಆಕಳಿಸಿ, ಮತ್ತೆ ಮುಚ್ಚಿಕೊಂಡಿತು. ಇನ್ನೊಂದು ಕ್ಷಣ ನೋಡಿದ್ದರೆ ಇಟ್ಟುಕೊಳ್ಳೋಣ ಎಂದು ಮನಸ್ಸು ಮತ್ತೆ ತಿರುಗುತ್ತಿತ್ತು. ದೊಡ್ಡ ಸಿಸ್ಟರು ಅದರ ನೆತ್ತಿಯನ್ನು ಒಂದೇ ಒಂದು ಸಲ ಮೂಸಿ, ಒಳಗೆ ಹೋಗಿ ಬೀಗಿತ್ತಿಯನ್ನು ಎಬ್ಬಿಸಿದಳು.

"ನಿಮ್ಮ ಮಗು ನಿಮ್ಮ ಜೊತೆಗೇ ಬರುತ್ತೆ. ನಮ್ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ಲ."

"ಅವಳಿದ್ದಾಳಲ್ಲ ಅಕ್ಕ?"

"ಅವಳಿಗೆ ಕೆಲಸ ಇದೆ. ನಾಳೆಯಿಂದ ಅಂಗಡಿಗೆ ಹೋಗಬೇಕು. ಆ ಮಾಲೀಕನ ಕುಂಡೆಗೂ ಮೊದಲ ಏಟು ಹಾಕಿದ್ದು ನಾನೇ, ಮತ್ತೆ ತಗೋ ಅಂದ್ರೆ ತಗೋತಾನೆ." ಒಂದು ಕ್ಷಣ ನಿಂತು ದನಿ ತಗ್ಗಿಸಿದಳು. "ಇನ್ನೊಂದು ಮಾತು. ಎಂಟನೇದು ಬೇಕಾ ನಿಮಗೆ?"

ಬೀಗಿತ್ತಿ ಎದ್ದು ಕೂತಳು. ಅವಳನ್ನು ಯಾರೂ ಈವರೆಗೆ ಆ ಪ್ರಶ್ನೆ ಕೇಳಿರಲಿಲ್ಲ. "ನಾಲ್ಕನೇದೇ ಬೇಡವಾಗಿತ್ತು ಅಕ್ಕ" ಎಂದಳು.

ಹೀಗೆ ಹೊಳೆಯೀಚೆಯ ಆ ವಾರ್ಡಿನಲ್ಲಿ ಒಂದು ಆಪರೇಷನ್ ನಡೆಯಿತು, 'ಇನ್ನೊಂದು ಬರಲಿ' ಪೋಸ್ಟರಿನ ಎದುರೇ. ಡಾಕ್ಟರು ಹಿಂದೆ ಮುಂದೆ ನೋಡಿದ್ದರು. "ಸಿಸ್ಟರ್, ನಮ್ಮ ಕಡೆ ಹೆರಿಗೆ ಹೆಚ್ಚಿಸಿ ಅಂತ ಆರ್ಡರಿದೆ. ಮೇಲಿನವರು ಕೇಳಿದ್ರೆ?"

"ಮೇಲಿನವರಿಗೆ ಹೇಳಿ, ಅವರಿಗೆ ಬೇಕಾದ್ರೆ ಅವರೇ ಹೆರಲಿ ಅಂತ" ಎಂದು ದೊಡ್ಡ ಸಿಸ್ಟರು ಅವರ ಕೈಗೆ ಗ್ಲೌಸು ಕೊಟ್ಟಳು.

ಬೀಗಿತ್ತಿ ಹೊರಟ ದಿನ ಬಸ್ ನಿಲ್ದಾಣಕ್ಕೆ ಎಲ್ಲರೂ ಬಂದಿದ್ದರು. ಮಗ ಚೀಲಗಳನ್ನು ಮೇಲೆ ಹತ್ತಿಸಿದ. ಇನ್ನೇನು ಬಸ್ಸು ಹೊರಡಬೇಕು ಎನ್ನುವಾಗಲೂ ಮಗು ದೊಡ್ಡ ಸಿಸ್ಟರ ತೋಳಲ್ಲೇ ಇತ್ತು. ಕಂಡಕ್ಟರ್ ಶಿಳ್ಳೆ ಊದಿದ. ಎಷ್ಟೋ ಮಕ್ಕಳನ್ನು ಎತ್ತಿ ಬೇರೆಯವರ ಕೈಗೆ ಕೊಟ್ಟವಳಿಗೆ ಅಂದು ಮಾತ್ರ ಕೈ ಏಳಲೊಲ್ಲದು. ಕೊನೆಗೆ ಕಣ್ಣು ಮುಚ್ಚಿಕೊಂಡು ಕಿಟಕಿಯಲ್ಲಿ ಕೊಟ್ಟುಬಿಟ್ಟಳು. ಟೋಪಿ ಮಗುವಿನ ತಲೆಯ ಮೇಲೆಯೇ ಹೋಯಿತು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಆಯಾ ಕಣ್ಣೊರೆಸಿಕೊಳ್ಳುತ್ತಾ, "ಹೋಗ್ಲಿ ಬಿಡಿ ಸಿಸ್ಟರ್, ಸೊಸೆ ಇದ್ದಾಳಲ್ಲ, ಮುಂದೆ ಏನಾದ್ರೂ ವಿಶೇಷ..." ಎಂದು ರಾಗ ತೆಗೆದಳು.

"ವಿಶೇಷ ಏನೂ ಇಲ್ಲ. ಇನ್ನೊಂದು ಸಲ ಕೇಳಿದ್ರೆ ನಿನ್ನನ್ನೇ ತಕ್ಕಡಿಗೆ ಹಾಕ್ತೀನಿ" ಎಂದಳು ದೊಡ್ಡ ಸಿಸ್ಟರು. ಮಾತು ಗಡುಸಾಗಿತ್ತು, ಮೂಗು ಕೆಂಪಾಗಿತ್ತು.

ಪಕ್ಕದಲ್ಲಿ ಸೊಸೆ ರಸ್ತೆಯ ತಿರುವನ್ನೇ ನೋಡುತ್ತಾ ನಿಂತಿದ್ದಳು. ಕೈ ಖಾಲಿ, ಕಂಕುಳು ಖಾಲಿ, ಸೊಂಟ ಮಾತ್ರ ಎಂದಿನಂತೆ ಎಡಕ್ಕೆ ವಾರೆ. ದೊಡ್ಡ ಸಿಸ್ಟರು ತನ್ನ ದಪ್ಪ ಅಂಗೈಯನ್ನು ಆ ಸೊಂಟದ ಮೇಲಿಟ್ಟು, ಹೆರಿಗೆ ಕೋಣೆಯಲ್ಲಿ ಹುಟ್ಟಿದ ಮಕ್ಕಳನ್ನು ಹಿಡಿಯುವಷ್ಟೇ ಹಗುರಾಗಿ ಒಂದಿಷ್ಟು ಒತ್ತಿದಳು.

"ನೆಟ್ಟಗೆ ನಿಂತ್ಕೋ ಕಣೇ. ಅಲ್ಲಿ ಯಾರೂ ಇಲ್ಲ."